ಮಂಗಳೂರಿನಿಂದ ತಂದ ಪೊಟ್ಟಣಗಳು

ಅರ್ಜಿಗೆ ಸಹಿ ಹಾಕಲು ಜಿತೇಂದ್ರ ಒಪ್ಪಲಿಲ್ಲ.

ಅರ್ಜಿ ಬರೆಸಿದವನು ಅವನ ಭಾವ ಶೀನ, ಬೈಂದೂರು ಬಸ್‌ಸ್ಟ್ಯಾಂಡಿನಲ್ಲಿ ರಿಕ್ಷಾ ಓಡಿಸುವವನು. ಶೀನನ ಹೆಂಡತಿ ಹರಿಣಾಕ್ಷಿ ಜಿತೇಂದ್ರನ ತಂಗಿ. 2008ರ ಏಪ್ರಿಲ್‌ನಲ್ಲಿ ಬ್ರಹ್ಮಾವರದಾಚೆಯ ಆಸ್ಪತ್ರೆಯೊಂದರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ದಿನವೇ ಅವಳು ತೀರಿಕೊಂಡಿದ್ದಳು. ರಕ್ತ ನಿಲ್ಲಲಿಲ್ಲ ಎಂದು ವೈದ್ಯರು ಹೇಳಿದ್ದರು. ಅದಕ್ಕಿಂತ ಹೆಚ್ಚಿನ ಉತ್ತರ ಶೀನನಿಗೆ ಬೇಕಿತ್ತು. ಆಸ್ಪತ್ರೆಯ ಮೇಲೆ ತನಿಖೆಯಾಗಬೇಕು ಎಂದು ಆರೋಗ್ಯ ಇಲಾಖೆಗೆ ಬರೆದ ಆ ಅರ್ಜಿಗೆ ಜಿತೇಂದ್ರನ ಹೇಳಿಕೆಯೂ ಸೇರಬೇಕು, ಆ ದಿನ ಓಡಾಡಿದವನು ಅವನೇ ಎಂದು ಕುಂದಾಪುರದ ವಕೀಲರು ಹೇಳಿದ್ದರು.

ಕಿರಿಮಂಜೇಶ್ವರದ ಕಡಲ ಬದಿಯ ಮನೆಯ ಅಂಗಳದಲ್ಲಿ ಜಿತೇಂದ್ರ ತನ್ನ ಮೀನಿನ ವ್ಯಾನು ತೊಳೆಯುತ್ತಿದ್ದ. ಶೀನ ರಿಕ್ಷಾದಿಂದ ಇಳಿಯಲೂ ಇಲ್ಲ.

"ಒಂದ್ ಸೈ ಹಾಕೂಕ್ ನಿನ್ ಕೈಗ್ ಎಂತ ಆಯ್ತ್ ಬಾವ?"

"ಬೇಡ ಬಾವ. ಹೋದೋಳ್ ತಿರ್ಗಿ ಬತ್ತಿಲ್ಲ."

"ಅದ್ ನಂಗೂ ಗೊತ್ತಿತ್ತ್. ಎಂತಕ್ ಹೋದ್ಲ್ ಅಂದ್ ಕೇಂಬುಕೂ ಆಗ್ದಾ?"

ಜಿತೇಂದ್ರ ಬಕೆಟಿನಲ್ಲಿ ಉಳಿದ ನೀರನ್ನು ವ್ಯಾನಿನೊಳಗೆ ಎರಚಿದ.

"ಅಲ್ಲ, ಆಸ್ಪತ್ರೆ ಕ್ಯಾಂಟೀನಿಗ್ ಮೀನ್ ಹಾಕೂ ಆರ್ಡರ್ ಸಿಕ್ಕಿತಾ ಹ್ಯಾಂಗೆ ನಿಂಗೆ?" ಎಂದ ಶೀನ. "ಬಾಯಿ ಮುಚ್ಕಂಡ್ ಕೂತಿದ್ದೆಯಲ್ಲ, ಅದ್ಕ್ ಕೇಂಡದ್."

ರಿಕ್ಷಾ ತಿರುಗಿಸಿ ಹೊರಟುಹೋದ. ಜಿತೇಂದ್ರನಿಗೆ ಸಿಟ್ಟು ಬರಲಿಲ್ಲ. ಶೀನನ ಜಾಗದಲ್ಲಿ ತಾನಿದ್ದರೂ ಹೀಗೆಯೇ ಕೇಳುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು. ತನಿಖೆಯಾದರೆ ಆ ದಿನದ ಆಸ್ಪತ್ರೆಯ ಕಾಗದಪತ್ರ ಹೊರಗೆ ಬರುತ್ತದೆ. ಅದರಲ್ಲಿ ಐಸಿನ ವಿಷಯ ಇದ್ದೇ ಇರುತ್ತದೆ. ಅದು ಅವನ ತಾಯಿ ಜಲಜಳ ಕಿವಿಗೆ ಬೀಳಬಾರದು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಹರಿಣಾಕ್ಷಿಯ ಕಾಯಿಲೆ ಹಳೆಯದು. ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಮಂಡಿ ಬಾವು ಬಂದು ಹೋಗಿತ್ತು. ಅದು ಹೃದಯದ ಕವಾಟವನ್ನು ಕೆಡಿಸಿದೆ ಎಂದು ಗೊತ್ತಾದದ್ದು ಅವಳು ದೊಡ್ಡವಳಾದ ಮೇಲೆ. 1997ರಲ್ಲಿ ಪಕ್ಕೆಲುಬಿನ ಎಡೆಯಿಂದ ಕೊಯ್ದು, ಬಿಗಿದುಕೊಂಡ ಕವಾಟವನ್ನು ಬಿಡಿಸಿದ್ದರು. ಆಗ ಹೃದಯವನ್ನು ನಿಲ್ಲಿಸುವ ಅಗತ್ಯ ಇರಲಿಲ್ಲ. ವಾರ ಕಳೆಯುವುದರಲ್ಲಿ ಮನೆಗೆ ಬಂದಿದ್ದಳು. ಮದುವೆಯಾಯಿತು, ಯಡ್ತರೆಯ ಶೀನನ ಮನೆ ಸೇರಿದಳು, ಪೂಜಿತಾ ಹುಟ್ಟಿದಳು. ಹತ್ತು ವರ್ಷ ಚೆನ್ನಾಗಿಯೇ ಇದ್ದು, ಮತ್ತೆ ಬಾವಿಯಿಂದ ಒಂದು ಕೊಡಪಾನ ನೀರು ತಂದರೆ ಏದುಸಿರು ಬರಲು ಶುರುವಾಯಿತು. ಈ ಸಲ ಕವಾಟವನ್ನೇ ಬದಲಿಸಬೇಕು ಎಂದರು.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಎಲ್ಲ ಸರಿಯಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಅರಿವಳಿಕೆ ತಜ್ಞೆ ಡಾ. ಗಿರಿಜಾ ಹೊರಗೆ ಬಂದು, ಕವಾಟ ಕೂಡಿಸಿಯಾಗಿದೆ, ಆದರೆ ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದರು. ಹೆಪ್ಪುಗಟ್ಟಿಸಲು ಕ್ರಯೋ ಎಂಬ, ರಕ್ತದಿಂದಲೇ ತೆಗೆದ ದ್ರವದ ಪೊಟ್ಟಣಗಳು ಇನ್ನೂ ಬೇಕು, ಆಸ್ಪತ್ರೆಯಲ್ಲಿ ಇದ್ದದ್ದು ಮುಗಿದಿದೆ, ಮಂಗಳೂರಿನ ರಕ್ತನಿಧಿಯಲ್ಲಿ ತೆಗೆದಿಡಲು ಹೇಳಿದ್ದೇವೆ, ಯಾರಾದರೂ ಕೂಡಲೇ ಹೋಗಿ ತರಬೇಕು ಎಂದರು. ಆಸ್ಪತ್ರೆಯ ಗಾಡಿ ಇನ್ನೊಬ್ಬ ರೋಗಿಯನ್ನು ಕರೆತರಲು ಹೋಗಿತ್ತು. ಸಹಿ ಹಾಕಲು ಗಂಡ ಅಲ್ಲೇ ಇರಬೇಕಿತ್ತು. ಹೀಗಾಗಿ ಜಿತೇಂದ್ರ ತನ್ನ ವ್ಯಾನು ತೆಗೆದ. ಆ ವಾರ ಅವನು ಮೀನು ಹೇರಿರಲಿಲ್ಲ, ವ್ಯಾನು ಖಾಲಿಯಾಗಿ ಒಣಗಿತ್ತು. ಕಣ್ಣು ಕೆಂಪಗಾಗಿದ್ದ ಮಗನನ್ನು ಒಬ್ಬನೇ ಕಳಿಸಲು ಮನಸ್ಸಾಗದೆ ಜಲಜಳೂ ಹತ್ತಿ ಕುಳಿತಳು.

ಮಂಗಳೂರಿನಲ್ಲಿ ಹತ್ತು ಪುಟ್ಟ ಪೊಟ್ಟಣ ಕೊಟ್ಟರು. ಒಂದೊಂದರಲ್ಲೂ ಎರಡು ಮೂರು ಚಮಚದಷ್ಟು ತಿಳಿ ಹಳದಿ ದ್ರವ. ಮಂಜಿನಂತೆ ಗಟ್ಟಿಯಾಗಿದ್ದದ್ದನ್ನು ಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಜೋಡಿಸಿ, "ಹೀಗೇ ತಗೊಂಡು ಹೋಗಿ, ಬೇಗ ಮುಟ್ಟಿಸಿ" ಎಂದರು. ಜಿತೇಂದ್ರ ಪೆಟ್ಟಿಗೆಯನ್ನು ತಾಯಿಯ ಮಡಿಲಿಗೆ ಕೊಟ್ಟು ವ್ಯಾನು ಹೊರಡಿಸಿದ.

ಸುರತ್ಕಲ್ ದಾಟಿದ ಮೇಲೆ ಜಲಜ ಪೆಟ್ಟಿಗೆಯ ಮುಚ್ಚಳ ತೆರೆದು ನೋಡಿದಳು.

"ಐಸ್ ಎಲ್ಲಿತ್ತ್ ಮಗಾ?"

"ಹಾಂಗೇ ತಕಂಡ್ ಹೋಪುಕ್ ಹೇಳಿರ್ ಅಮ್ಮ."

"ಹೇಳೂರಿಗ್ ಎಂತ? ಫ್ಯಾನಿನ್ ಅಡಿ ಕೂಕಂಡ್ ಹೇಳ್ತ್ರ್. ಈ ಬಿಸ್ಲಂಗೆ ಬಂಗ್ಡಿ ಮೀನೇ ಒಂದ್ ಗಳ್ಗಿ ತಡಿತಿಲ್ಲ. ಮೊನ್ನೆ ಐಸ್ ಇಲ್ದೆ ರಕ್ತ ತಂದದ್ಕ್ ಆ ನರ್ಸ್ ಶೀನಂಗ್ ಹ್ಯಾಂಗ್ ಬೈದ್ಲ್, ಮರ್ತ್ಯಾ?"

"ಅದ್ ರಕ್ತ. ಇದ್ ಬೇರೆ ಎಂತದೋ."

"ರಕ್ತದ್ದೇ ಅಲ್ದಾ? ಗಾಡಿ ನಿಲ್ಸ್."

ಅವನಿಗೂ ಅದು ಸರಿ ಎಂದೇ ಕಂಡಿತು. ಹುಟ್ಟಿದಾಗಿನಿಂದ ಅವನು ಕಂಡದ್ದು ಒಂದೇ ನಿಯಮ: ಕೆಡಬಾರದ ವಸ್ತು ಐಸಿನಲ್ಲಿರಬೇಕು. ಐಸ್ ಇಲ್ಲದ ಪೆಟ್ಟಿಗೆ ಹಿಡಿದು ಏಪ್ರಿಲ್ ಬಿಸಿಲಲ್ಲಿ ಹೋಗುವುದು ಅವನ ಮನಸ್ಸಿಗೂ ಒಗ್ಗುತ್ತಿರಲಿಲ್ಲ. ಮೂಲ್ಕಿ ದಾಟಿದ ಮೇಲೆ ಹೆದ್ದಾರಿ ಬದಿಯ ಐಸ್ ಪ್ಲಾಂಟಿನ ಎದುರು ನಿಲ್ಲಿಸಿದ. ಜಲಜ ತಾನೇ ಇಳಿದು, ಪುಡಿ ಮಾಡಿದ ಐಸನ್ನು ಬೊಗಸೆಯಲ್ಲಿ ತುಂಬಿ, ಪೊಟ್ಟಣಗಳ ಅಡಿಗೊಂದು ಪದರ, ಮೇಲೊಂದು ಪದರ ಹಾಕಿದಳು. ಒಳ್ಳೆಯ ಮೀನನ್ನು ದೂರದ ಪೇಟೆಗೆ ಕಳಿಸುವಾಗ ಹಾಕುವ ಹಾಗೆ, ಎಲ್ಲೂ ಸಂದು ಬಿಡದೆ.

ಆಸ್ಪತ್ರೆಯಲ್ಲಿ ಮೇಲಿನ ಮಹಡಿಗೆ ಒಬ್ಬರನ್ನೇ ಬಿಡುತ್ತಿದ್ದರು. ಜಲಜ ಕೆಳಗೆ ಉಳಿದಳು. ಶೀನ ರಕ್ತ ಕೊಡಲು ಬಂದ ಊರಿನ ಹುಡುಗರ ಜೊತೆ ಆಸ್ಪತ್ರೆಯದೇ ರಕ್ತನಿಧಿಯ ಕಡೆ ಹೋಗಿದ್ದ. ಪೆಟ್ಟಿಗೆ ತೆಗೆದುಕೊಂಡ ಡಾ. ಗಿರಿಜಾ ಒಂದು ಪೊಟ್ಟಣ ಎತ್ತಿ ಬೆಳಕಿಗೆ ಹಿಡಿದರು. ತಿಳಿಯಾಗಿದ್ದ ದ್ರವದಲ್ಲಿ ಬಿಳಿ ಮುದ್ದೆಗಳು ಕಟ್ಟಿದ್ದವು.

"ಇದಕ್ಕೆ ಐಸ್ ಯಾಕೆ ಹಾಕಿದಿರಿ?"

ಜಿತೇಂದ್ರ ಉತ್ತರ ಕೊಡುವ ಮೊದಲೇ ಅವರು ಒಳಗೆ ಹೋಗಿದ್ದರು. ಬೆಚ್ಚಗಿನ ನೀರಿನಲ್ಲಿಟ್ಟು ನೋಡಿದರಂತೆ. ಮುದ್ದೆ ಪೂರ್ತಿ ಕರಗಲಿಲ್ಲ. ಅಂಥದ್ದನ್ನು ರಕ್ತನಾಳಕ್ಕೆ ಬಿಡುವ ಹಾಗಿಲ್ಲ. ಒಮ್ಮೆ ಕರಗಿಸಿದ ಕ್ರಯೋವನ್ನು ಮತ್ತೆ ತಣ್ಣಗಾಗಿಸಿದರೆ ಅದರಲ್ಲಿರುವ ಹೆಪ್ಪುಗಟ್ಟಿಸುವ ಪ್ರೊಟೀನು ದ್ರವದಿಂದ ಬೇರೆಯಾಗಿ ಕೂರುತ್ತದೆ, ಅದನ್ನು ಸಾಧಾರಣ ಕೋಣೆಯ ಶಾಖದಲ್ಲೇ ತರಬೇಕು ಎಂದು ಆಮೇಲೆ ಅವನೊಬ್ಬನಿಗೆ ತಿಳಿಸಿ ಹೇಳಿದರು. ಇನ್ನೊಂದು ರಕ್ತನಿಧಿಗೆ ಫೋನು ಹೋಯಿತು. ಅಲ್ಲಿಂದ ಪೊಟ್ಟಣ ಬರುವ ಮೊದಲೇ, ಸೂರ್ಯ ಮುಳುಗುವ ಹೊತ್ತಿಗೆ, ಹರಿಣಾಕ್ಷಿ ಹೋದಳು.

ಅಷ್ಟಾದ ಮೇಲೆ ಜಲಜ ತನ್ನ ದುಃಖವನ್ನು ಹೊತ್ತದ್ದು ಒಂದೇ ಮಾತಿನ ಬಲದಿಂದ. ಹದಿಮೂರನೆಯ ದಿನದ ಕ್ರಿಯೆ ಕಳೆದು ಕುಂದಾಪುರದ ಮೀನು ಮಾರ್ಕೆಟ್ಟಿಗೆ ಮರಳಿದ ದಿನವೇ ಅದನ್ನು ಪಕ್ಕದಲ್ಲಿ ಕೂತು ಮೀನು ಮಾರುವ ಪದ್ದುವಿನ ಬಳಿ ಹೇಳಿದಳು.

"ಬೆಂಕಿಯಂಥಾ ಬಿಸ್ಲ್ ಪದ್ದು. ನಾ ಬಿಡ್ಲಿಲ್ಲ. ಐಸ್ ಹಾಕ್ಸಿ, ಮಡ್ಲಂಗೆ ಇಟ್ಕಂಡ್ ತಂದ್ ಮುಟ್ಸ್ದೆ. ಒಂದ್ ಹನಿ ಹಾಳಾಪುಕ್ ಬಿಡ್ಲಿಲ್ಲ. ನಾ ಮಾಡೂದ್ ನಾ ಮಾಡ್ದೆ. ಅವ್ಳ್ ಹಣಿಲಿ ಇರ್ಲಿಲ್ಲ."

"ಹೌದ್ ಜಲ್ಜಕ್ಕ. ನಿನ್ನಾಂಗೆ ಯಾರ್ ಮಾಡ್ತ್ರ್? ಬೇರೆಯೋರಾರೆ ಕೂಕಂಡ್ ಕಣ್ಣೀರ್ ಹಾಕಿ ಮರ್ಕ್ತಿದ್ರ್."

ಆಮೇಲೆ ಅದೇ ಮಾತನ್ನು ಗಿರಾಕಿಗಳಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕಿರಿಮಂಜೇಶ್ವರದ ಪ್ರತಿ ಮನೆಯಲ್ಲಿ ಹೇಳಿದಳು. ಹೇಳಿ ಮುಗಿಸಿದಾಗಲೆಲ್ಲ ಅವಳ ಮುಖದಲ್ಲಿ ಸ್ವಲ್ಪ ಸಮಾಧಾನ ಕಾಣುತ್ತಿತ್ತು. ಮಾರ್ಕೆಟ್ಟಿನಲ್ಲಿ ಮೀನಿನ ಪೆಟ್ಟಿಗೆ ಇಳಿಸುತ್ತ ಜಿತೇಂದ್ರ ಅದನ್ನು ಕೇಳಿಸಿಕೊಳ್ಳುತ್ತಿದ್ದ. ಅವಳಿಗೆ ಉಳಿದಿದ್ದದ್ದು ಆ ಸಮಾಧಾನ ಒಂದೇ. ಅದನ್ನು ತೆಗೆಯುವ ಕೆಲಸ ತನ್ನ ಕೈಯಿಂದ ಆಗಬಾರದು, ಬೇರೆಯವರ ಕೈಯಿಂದ ಆಗಲಿಕ್ಕೂ ಬಿಡಬಾರದು ಎಂದು ನಿರ್ಧರಿಸಿದ್ದ.

ಅವನು ಸಹಿ ಹಾಕದ್ದರಿಂದ ಅರ್ಜಿ ನಿಂತಿತು, ಶೀನ ನಿಲ್ಲಲಿಲ್ಲ. ವಕೀಲರ ಸಲಹೆಯಂತೆ ಮೊದಲು ವೈದ್ಯರನ್ನೇ ಕಂಡು ಕೇಳುವುದು ಎಂದಾಯಿತು. ಸೆಪ್ಟೆಂಬರಿನ ಒಂದು ಗುರುವಾರ ಬರಲು ಆಸ್ಪತ್ರೆಯವರು ಹೇಳಿದರು. ಜಲಜ ತಾನೂ ಬರುತ್ತೇನೆ ಎಂದಳು.

"ನೀ ಎಂತಕ್ ಅಮ್ಮ? ಅಲ್ ಹೋರೆ ಮತ್ತೆ ಎಲ್ಲ ನೆನ್ಪಾತ್ತ್," ಎಂದ ಜಿತೇಂದ್ರ.

"ಮರ್ತಿದ್ರಲ್ದಾ ನೆನ್ಪಾಪುದ್? ಹೆತ್ತದ್ ನಾನ್. ನಾ ಬತ್ತೆ."

ಬುಧವಾರ ಮೀನಿನ ಲೋಡು ಇಳಿಸಿ ಅವನು ಒಬ್ಬನೇ ಆಸ್ಪತ್ರೆಗೆ ಹೋದ. ಡಾ. ಗಿರಿಜಾ ಅವನನ್ನು ಗುರುತು ಹಿಡಿದರು. ಅವನು ಕುಳಿತುಕೊಳ್ಳದೆಯೇ ಹೇಳಿದ:

"ಐಸ್ ಹಾಕಿದ್ದು ನನ್ನಮ್ಮ. ಅದರಿಂದಲೇ ಕೆಟ್ಟದ್ದು ಎಂದು ಅವರಿಗೆ ಗೊತ್ತಿಲ್ಲ. ನಾಳೆ ನೀವು ಅದನ್ನು ಹೇಳಬೇಡಿ ಡಾಕ್ಟ್ರೇ."

ಅವರು ಮೇಜಿನ ಮೇಲಿನ ಪೆನ್ನನ್ನು ಬದಿಗೆ ಸರಿಸಿ ಕೇಳಿದರು.

"ಐಸ್ ಹಾಕಬೇಡಿ ಎಂದು ಮಂಗಳೂರಿನಲ್ಲಿ ಹೇಳಿರಲಿಲ್ಲವೆ?"

"ಹೀಗೇ ತಗೊಂಡು ಹೋಗಿ ಎಂದಿದ್ದರು."

"ನಾವೂ ಕಳಿಸುವಾಗ ಹೇಳಬೇಕಿತ್ತು. ಆ ಗಡಿಬಿಡಿಯಲ್ಲಿ ಹೇಳಲಿಲ್ಲ. ಈಗ ಎಲ್ಲರಿಗೂ ಹೇಳುತ್ತೇವೆ." ಆಮೇಲೆ ಅಂದರು, "ನಾನಾಗಿ ಐಸಿನ ಮಾತು ಎತ್ತುವುದಿಲ್ಲ. ಆದರೆ ಕೇಳಿದರೆ ಸುಳ್ಳು ಹೇಳುವುದಿಲ್ಲ. ಅವರಿಗೆ ತಿಳಿಯುವ ಹಕ್ಕಿದೆ."

ಮರುದಿನ ಆ ಕೋಣೆಯಲ್ಲಿ ನಾಲ್ವರು ಕುಳಿತಿದ್ದರು. ಶೀನ ಅರ್ಜಿಯ ಕಾಗದವನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಅವನೇ ಶುರು ಮಾಡಿದ.

"ಊರಿಂದ ಅಷ್ಟು ಜನ ಬಂದು ರಕ್ತ ಕೊಟ್ಟಿದ್ರು. ಆ ರಕ್ತ ಎಲ್ಲಿಗೆ ಹೋಯ್ತು?"

"ಎಲ್ಲವನ್ನೂ ಅವರಿಗೇ ಕೊಟ್ಟಿದ್ದೇವೆ," ಎಂದರು ಡಾ. ಗಿರಿಜಾ. "ಆದರೆ ಆ ಚೀಲಗಳಲ್ಲಿ ಇರುವುದು ಹೆಚ್ಚಾಗಿ ಕೆಂಪು ಕಣ. ಸೋರುವುದನ್ನು ತುಂಬಲು ಅದು ಬೇಕು, ಸೋರುವುದನ್ನು ನಿಲ್ಲಿಸಲು ಅದರಿಂದ ಆಗುವುದಿಲ್ಲ."

"ಮತ್ತೆ ನಿಲ್ಲಿಸುವುದು ಯಾವುದು?"

ಅವರು ನಿಧಾನವಾಗಿ ವಿವರಿಸಿದರು. ಹೃದಯವನ್ನು ನಿಲ್ಲಿಸಿ ಕೆಲಸ ಮಾಡುವಾಗ ರಕ್ತವೆಲ್ಲ ದೇಹದ ಹೊರಗಿನ ಯಂತ್ರವೊಂದರ ನಳಿಗೆಗಳಲ್ಲಿ ಸುತ್ತಿ ಬರುತ್ತದೆ. ಯಂತ್ರದಲ್ಲಿ ಮೊದಲೇ ತುಂಬಿಸಿದ ದ್ರಾವಣ ಬೆರೆತು ರಕ್ತ ತೆಳುವಾಗುತ್ತದೆ. ರಕ್ತದಲ್ಲಿ ಹೆಪ್ಪುಗಟ್ಟಿಸುವ ಪ್ರೊಟೀನುಗಳಿರುತ್ತವೆ, ಅವೂ ತೆಳುವಾಗುತ್ತವೆ. ನಳಿಗೆಗಳ ಸಂಪರ್ಕದಲ್ಲಿ, ಗಾಯದಲ್ಲಿ, ಒಂದಷ್ಟು ಖರ್ಚಾಗಿಯೂ ಹೋಗುತ್ತವೆ. ಸಾಮಾನ್ಯವಾಗಿ ದೇಹ ಅದನ್ನು ತಾಳಿಕೊಳ್ಳುತ್ತದೆ. ಹರಿಣಾಕ್ಷಿಗೆ ಇದು ಎರಡನೆಯ ಶಸ್ತ್ರಚಿಕಿತ್ಸೆ. ಮೊದಲಿನ ಗಾಯ ಅಂಟಿಕೊಂಡದ್ದನ್ನು ಬಿಡಿಸುತ್ತ ಹೋಗಬೇಕಾಯಿತು, ಯಂತ್ರದಲ್ಲಿ ಬಹಳ ಹೊತ್ತು ಇರಬೇಕಾಯಿತು. ಕೊನೆಗೆ ಆ ಪ್ರೊಟೀನು ಎಷ್ಟು ಉಳಿದಿದೆ ಎಂದು ನೋಡಿದಾಗ ಇರಬೇಕಾದ್ದರ ಕಾಲು ಭಾಗವೂ ಇರಲಿಲ್ಲ.

"ಹೊಲಿಗೆ ಹಾಕಿದ ಸೂಜಿಯ ತೂತುಗಳಿಂದಲೂ ರಕ್ತ ಬರುತ್ತಿತ್ತು," ಎಂದರು. "ಒಂದು ನಾಳ ತುಂಡಾಗಿದ್ದರೆ ಕಟ್ಟಬಹುದು. ಎಲ್ಲ ಕಡೆಯಿಂದ ಒಸರುವುದನ್ನು ಕಟ್ಟಲು ಬರುವುದಿಲ್ಲ."

ಜಲಜ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶೀನನ ದನಿ ತಗ್ಗಿತು. ಆದರೂ ಅವನು ಬರೆದುಕೊಂಡು ಬಂದ ಪ್ರಶ್ನೆ ಇನ್ನೊಂದಿತ್ತು.

"ಆ ಪ್ರೊಟೀನಿಗಾಗಿಯೇ ಅಲ್ವಾ ಮಂಗಳೂರಿಗೆ ಕಳಿಸಿದ್ದು? ಅದನ್ನು ತಂದು ಕೊಟ್ಟ ಮೇಲೂ ಯಾಕೆ ನಿಲ್ಲಲಿಲ್ಲ?"

"ಅದನ್ನು ಕೊಡಲು ಆಗಲಿಲ್ಲ."

ಶೀನ ಕುರ್ಚಿಯಿಂದ ಎದ್ದ. "ಕೊಡ್ಲೇ ಇಲ್ವಾ? ಯಾಕೆ?"

ಡಾ. ಗಿರಿಜಾ ಬಾಯಿ ತೆರೆಯುವ ಮೊದಲೇ ಜಿತೇಂದ್ರ ಹೇಳಿದ:

"ನಂದೇ ತಪ್ಪ್ ಬಾವ. ನಾ ತಡ ಮಾಡ್ದೆ. ಹಸಿವ್ ತಡೂಕಾಯ್ಲಿಲ್ಲ, ದಾರ್ಯಂಗೆ ಗಾಡಿ ನಿಲ್ಸಿ ಊಟ ಮಾಡ್ದೆ. ನಾ ಬಪ್ಪತಿಗೆ ಹೊತ್ತ್ ಮೀರಿತ್ತ್."

ಶೀನನ ಮುಖ ಮೊದಲು ಬಿಳಿಚಿ, ಆಮೇಲೆ ಕೆಂಪಾಯಿತು.

"ಊಟ ಮಾಡ್ದ್ಯಾ?" ಎಂದ. "ನನ್ ಹೆಂಡ್ತಿ ಅಲ್ ಬಿದ್ಕಂಡಿಪ್ಪತಿಗೆ ನೀ ಹೋಟ್ಲಂಗೆ ಕೂಕಂಡ್ ಊಟ ಮಾಡ್ದ್ಯಾ? ಅದ್ಕಾ ನೀ ಸೈ ಹಾಕ್ದಿಪ್ಪುದ್? ಥೂ!"

ಜಲಜ ಮಗನನ್ನೇ ನೋಡುತ್ತಿದ್ದಳು. ಆ ದಿನ ವ್ಯಾನಿನಲ್ಲಿ ಅವನ ಪಕ್ಕದಲ್ಲಿದ್ದವಳು ಅವಳು. ಅವನು ಬೆಳಗಿನಿಂದ ಒಂದು ಲೋಟ ಚಹಾ ಕೂಡ ಕುಡಿದಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ತಾನೇ ಬಾಳೆಹಣ್ಣು ಸುಲಿದು ಕೊಟ್ಟದ್ದನ್ನೂ ಅವನು ಕಿಟಕಿಯಿಂದ ಆಚೆ ಎಸೆದಿದ್ದ. ಹೀಗಿರುವಾಗ ಇವನು ಯಾಕೆ ಈ ಸುಳ್ಳು ಹೇಳುತ್ತಾನೆ ಎಂದು ಅವಳಿಗೆ ಹೊಳೆಯಲು ಸ್ವಲ್ಪ ಸಮಯ ಹಿಡಿಯಿತು. ಹೊಳೆದಾಗ ಸೆರಗನ್ನು ಬಾಯಿಯಿಂದ ತೆಗೆದಳು.

"ಅವ ಊಟ ಮಾಡ್ಲಿಲ್ಲ ಶೀನ."

"ಅಮ್ಮ, ನೀ ಸುಮ್ನಿರ್."

"ನೀ ಸುಮ್ನಿರ್. ನಾವ್ ಗಾಡಿ ನಿಲ್ಸಿದ್ ಒಂದೇ ಕಡಿ. ಅದೂ ನಾ ಹೇಳಿ ನಿಲ್ಸಿದ್." ಅವಳು ವೈದ್ಯೆಯ ಕಡೆ ತಿರುಗಿದಳು. "ಡಾಕ್ಟ್ರಮ್ಮ, ಅದ್ಕ್ ಐಸ್ ಹಾಕೂಕಾಗ್ದಾ?"

ಡಾ. ಗಿರಿಜಾ ಜಿತೇಂದ್ರನನ್ನು ನೋಡಲಿಲ್ಲ.

"ಹಾಕಬಾರದಿತ್ತು ಅಮ್ಮ. ಅದು ನಿಮಗೆ ಗೊತ್ತಿರಲು ಸಾಧ್ಯ ಇರಲಿಲ್ಲ. ನಾವು ಹೇಳಿ ಕಳಿಸಬೇಕಿತ್ತು."

"ಐಸ್ ಹಾಕ್ದಿರೆ ಬದ್ಕ್ತಿದ್ಲಾ?"

"ಹೇಳಲು ಬರುವುದಿಲ್ಲ. ಸ್ಥಿತಿ ಬಹಳ ಕೆಟ್ಟಿತ್ತು. ಕೊಟ್ಟಿದ್ದರೂ ಹೋಗಿರಬಹುದಿತ್ತು. ಉಳಿದಿರಲೂಬಹುದಿತ್ತು."

"ಎರಡ್ರಂಗೆ ಒಂದ್ ಹೇಳಿ."

"ನನಗೆ ಗೊತ್ತಿಲ್ಲ ಅಮ್ಮ. ಗೊತ್ತಿದ್ದರೆ ಹೇಳುತ್ತಿದ್ದೆ."

ಜಲಜ ತಲೆಯಾಡಿಸಿದಳು. ಎದ್ದು ನಿಂತು, ವೈದ್ಯೆಗೆ ಕೈ ಮುಗಿದು, ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದಳು.

ಗೇಟಿನ ಹತ್ತಿರ ಶೀನ ನಿಂತ. ಜಿತೇಂದ್ರನ ಕಣ್ಣು ತಪ್ಪಿಸಿ, "ಅತ್ತೆ ಹತ್ರ ನಂಗ್ ಎಂತ ಕೇಂಬುಕಿಲ್ಲ," ಎಂದ. "ನಾ ಬಸ್ಸಿಗ್ ಬತ್ತೆ. ನೀವ್ ಹೋಯ್ನಿ."

ವ್ಯಾನು ಕುಂದಾಪುರ ದಾಟಿ ಹೆಮ್ಮಾಡಿ ಕಳೆದ ಮೇಲೆ ಜಲಜ ಕೇಳಿದಳು.

"ನಿಂಗ್ ಯಾವಾಗಿಂದ ಗೊತ್ತಿತ್ತ್?"

"ಅವತ್ತೇ."

"ಇಷ್ಟ್ ತಿಂಗ್ಳ್ ನಾ ಊರೆಲ್ಲ ಹೇಳ್ಕಂಡ್ ತಿರ್ಗ್ದೆ. ಐಸ್ ಹಾಕ್ದೆ, ಐಸ್ ಹಾಕ್ದೆ ಅಂದ್. ನೀ ಕೇಣ್ಕಂಡ್ ಕೂತೆ."

"ನಿಂಗೆ ಬೇಜಾರಾತ್ತ್ ಅಂದ್..."

"ಬೇಜಾರ್ ಆಗ್ಬೇಕಿತ್ತ್ ಮಗಾ. ಅವತ್ತೇ ಆಗ್ಬೇಕಿತ್ತ್. ನಾ ಅವ್ಳಿಗೆ ಸರಿಯಾಯಿ ಮರ್ಕ್ಲೂ ಇಲ್ಲ. ನಾ ಮಾಡೂದ್ ಮಾಡ್ದೆ ಅಂದ್ಕಂಡ್ ಕಣ್ಣ್ ಒರ್ಸ್ಕಂಡೆ." ಮಗನ ಕಡೆ ತಿರುಗಿ ಹೇಳಿದಳು, "ನೀ ಒಬ್ನೇ ಹೊತ್ಕಂಡ್ ಕೂತ್ಯಲ್ಲ. ನಂಗೂ ಅರ್ಧ ಕೊಡ್ಬೇಕಿತ್ತ್."

ಅವನು ಗಾಡಿಯ ವೇಗ ಕಡಿಮೆ ಮಾಡಿದ. ಮನೆಯ ತಿರುವು ಹತ್ತಿರ ಬಂದಿತ್ತು.

"ಇಲ್ ತಿರ್ಗ್ಸ್‌ಬೇಡ," ಎಂದಳು. "ಯಡ್ತರೆಗ್ ಹೋಗ್. ಆ ಮಗೀಗ್ ಹೇಳ್ಬೇಕ್."

"ಎಂಟ್ ವರ್ಷದ್ ಮಗು ಅಮ್ಮ. ದೊಡ್ಡದಾಯ್ಲಿ."

"ನಾ ಅರ್ವತ್ತ್ ವರ್ಷದೋಳ್. ನಂಗೇ ನೀ ಹೇಳ್ಲಿಲ್ಲ. ಕಡಿಕ್ ಹ್ಯಾಂಗಾಯ್ತ್ ಕಂಡ್ಯಲ್ದಾ? ಅವ್ಳ್ ಬೇರೆಯೋರ್ ಬಾಯಂಗೆ ಕೇಂಬುದ್ ಬೇಡ."

ಯಡ್ತರೆಯ ಮನೆಗೆ ಅವರು ತಲುಪಿದಾಗ ಪೂಜಿತಾ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಯೂನಿಫಾರ್ಮಿನಲ್ಲೇ ಜಗಲಿಗೆ ಓಡಿ ಬಂದು, "ಡಾಕ್ಟ್ರ್ ಎಂತ ಹೇಳ್ರ್ ಅಜ್ಜಿ?" ಎಂದಳು. ಮನೆಯಲ್ಲಿ ಎಲ್ಲರೂ ಆ ಗುರುವಾರದ ಬಗ್ಗೆಯೇ ಮಾತಾಡುತ್ತಿದ್ದರು, ಅವಳಿಗೂ ಅದು ಗೊತ್ತಿತ್ತು.

ಜಲಜ ಜಗಲಿಯ ಅಂಚಿನಲ್ಲಿ ಕುಳಿತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಕೂಕೋ ಮಗಾ. ನಿನ್ನಮ್ಮಂಗೆ ಒಂದ್ ಔಷ್ದಿ ತರೂಕ್ ನಾನೂ ಮಾವನೂ ಮಂಗ್ಳೂರಿಗ್ ಹೋದ್ದ್ ನಿಂಗ್ ಗೊತ್ತಿತ್ತಲ್ದಾ?"

"ಹ್ಞೂಂ. ನೀ ಐಸ್ ಹಾಕ್ಕಂಡ್ ತಂದದ್."

"ಹೌದ್. ಅದೇ. ಆ ಔಷ್ದಿಗೆ ಐಸ್ ಹಾಕೂಕಾಗ ಅಂಬ್ರ್ ಮಗಾ."

ಜಿತೇಂದ್ರ ವ್ಯಾನಿನ ಬಳಿಯೇ ನಿಂತ. ಮುಂದಿನ ಮಾತುಗಳು ಅವನಿಗೆ ಕೇಳಿಸಲಿಲ್ಲ. ತಾಯಿ ಕೈ ಆಡಿಸದೆ, ಎದುರಿನ ಬಾವಿಕಟ್ಟೆಯ ಕಡೆ ನೋಡುತ್ತ ಹೇಳುತ್ತಿದ್ದಳು. ಹುಡುಗಿ ಕಾಲು ಜೋತುಬಿಟ್ಟು ಕೇಳುತ್ತಿದ್ದಳು. ನಡುವೆ ಒಮ್ಮೆ ಏನೋ ಕೇಳಿದಳು. ಜಲಜ ಗೊತ್ತಿಲ್ಲ ಎಂಬಂತೆ ತಲೆಯಲ್ಲಾಡಿಸಿದಳು. ಮತ್ತೆ ಕೇಳಿದಳು, ಮತ್ತೆ ಅದೇ ಉತ್ತರ.

ಪೂಜಿತಾ ಎದ್ದು, ಅಜ್ಜಿಯ ಮುಖ ನೋಡದೆ ಒಳಗೆ ಹೋದಳು.

ಜಲಜ ಕರೆಯಲಿಲ್ಲ. ಜಿತೇಂದ್ರ ಅವಳ ಕಡೆ ಬರಲು ಹೊರಟಾಗ, ಕೈ ಎತ್ತಿ ಅಲ್ಲೇ ಇರು ಎಂದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು, ಏಪ್ರಿಲ್‌ನಲ್ಲಿ ಅಳದೆ ಉಳಿಸಿದ್ದ ಅಳುವನ್ನು ದನಿ ತೆಗೆದು ಅಳತೊಡಗಿದಳು.